ಮೊಸರಲ್ಲಿ ಕಲ್ಲುಸಕ್ಕರೆ

"ಹೆಪ್ಪು ಕೊಟ್ಟೋಳು ಕೋಡಂಗಿ, ಮೊಸರು ಹೊಡೆದೋನು ಈರಭದ್ರ. ಈ ಗಾದೆ ಕೇಳಿದೀರಾ ಸಾರ್?"

"ಅದು ಹಂಗಲ್ಲ ಕಣ್ರೀ. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು..." ಮುನಿಕೃಷ್ಣ ಅರ್ಧಕ್ಕೇ ನಿಲ್ಲಿಸಿದ. "ಗಾದೆ ಹಾಳಾಗ್ಲಿ. ಮೊದ್ಲು ನೀವು ಒಳಗೆ ಹೆಂಗ್ ಬಂದ್ರಿ?"

"ನೀವೇ ಅಲ್ವಾ ಗೇಟಿಗೆ ಫೋನ್ ಮಾಡಿ ಬಿಡು ಅಂದಿದ್ದು?"

"ನಾನಾ? ಯಾವಾಗ?"

ಪಂಚಾಕ್ಷರಿ ಗಂಟಲು ಸರಿಮಾಡಿಕೊಂಡ. ಮರುಗಳಿಗೆಯಲ್ಲಿ ಆ ಕ್ಯಾಬಿನ್ನಿನೊಳಗೆ ಇಬ್ಬರು ಮುನಿಕೃಷ್ಣರಿದ್ದರು. "ಏಯ್ ಯಮನೂರ, ನಾನ್ ಕಣಯ್ಯ ಮಾತಾಡ್ತಾ ಇರೋದು. ಕನ್ನಡಕದೋರು ಒಬ್ರು ಬರ್ತಾವ್ರೆ, ಒಳಗ್ ಬಿಡು. ಜಾಸ್ತಿ ತಲೆ ತಿನ್ಬೇಡ, ಹ್ಹಂ!" ಮೂಗಿನಲ್ಲಿ ಏಳುವ ದನಿ, ಕೊನೆಗೊಂದು ಸಣ್ಣ ಹೂಂಕಾರ, ಎಲ್ಲವೂ ಅಳತೆ ಕೊಟ್ಟು ಹೊಲಿಸಿದಂತೆ.

ಮುನಿಕೃಷ್ಣನ ಮುಖದಲ್ಲಿ ಸಿಟ್ಟು, ನಗು ಎರಡೂ ಒಂದೇ ಬಾಗಿಲಲ್ಲಿ ನುಗ್ಗಲು ಹೋಗಿ ಸಿಕ್ಕಿಕೊಂಡವು. ಬೊಮ್ಮಸಂದ್ರದ 'ಕಡೆಗೋಲು ಫುಡ್ಸ್' ಕಾರ್ಖಾನೆಗೆ ಆತ ಮ್ಯಾನೇಜರು. ಎದುರಿಗೆ ಕೂತಿದ್ದ ಪಂಚಾಕ್ಷರಿ ಐವತ್ತು ದಾಟಿದ ಗದಗಿನವನು, ಸಿಂಗಸಂದ್ರದಲ್ಲಿ ಬೇಕರಿಯ ಮೇಲಿನ ಕೋಣೆಯಲ್ಲಿ ಪತ್ತೇದಾರಿ ಕಚೇರಿ ಇಟ್ಟವನು. ಅರ್ಧ ಬೆಂಗಳೂರನ್ನು ನಾಲಿಗೆಯ ಮೇಲೆ ಬಾಡಿಗೆಗೆ ಇರಿಸಿಕೊಂಡಿದ್ದ. ಯಾವಾಗ ಯಾರ ದನಿ ಹೊರಬರುತ್ತದೆಂದು ಅವನಿಗೂ ಗೊತ್ತಿರುತ್ತಿರಲಿಲ್ಲ.

"ಒಂದು ಸತ್ಯವಾದ ಕಥೆ ಹೇಳ್ತೀನಿ ಕೇಳಿ" ಎಂದ ಪಂಚಾಕ್ಷರಿ. "ಒಂದಕ್ಷರ ಸುಳ್ಳು ಅನ್ಸಿದ್ರೂ ಯಮನೂರನ ಕೈಲಿ ಹೊರಗೆ ಹಾಕ್ಸಿ. ಒಬ್ಬ ಹೆಂಗಸು, ದೇವಕ್ಕ ಅಂತ. ನಿಮ್ಮ ಮೊಸರಿನ ಟ್ಯಾಂಕು ತೊಳೆಯೋಳು. ಅವಳು ನಿಮ್ಮ ಹೆಪ್ಪು ಕದ್ದಳು ಅಂತ..."

"ಹೆಪ್ಪಲ್ಲ ರೀ. ಕಲ್ಚರ್. ಕೆಜಿ-ಸೆವೆನ್. ನಮ್ಮ ಲ್ಯಾಬಲ್ಲಿ ಎರಡು ವರ್ಷದ ಹಿಂದೆ ಹುಟ್ಟಿರೋ ತಳಿ."

"ಆಯ್ತು, ಇಂಗ್ಲಿಷ್ ಹೆಪ್ಪು. ಅದ್ರಿಂದ 'ಅಜ್ಜಿ ಮೊಸರು' ಅಂತ ಪ್ಯಾಕೆಟ್ ಮಾಡಿ ಮಾರ್ತೀರ. ಸಾರ್, ಒಂದು ಡೌಟು. ಯಾರ ಅಜ್ಜಿ?"

"ಅದು ಬ್ರ್ಯಾಂಡು ಕಣ್ರೀ!"

"ಲ್ಯಾಬಲ್ಲಿ ಹುಟ್ಟಿದ ಕೂಸಿಗೆ ಅಜ್ಜಿ ಇದ್ದೇ ಇರ್ತಾಳೆ ಅಂತ ನನ್ನ ಅನುಮಾನ. ಇರ್ಲಿ. ನಿಮ್ಮ ಗೇಟಿನ ಎದುರು ಶರಣಮ್ಮನ ಖಾನಾವಳಿ. ಅಲ್ಲಿಯ ಮೊಸರಿಗೆ ನಿಮ್ಮ ಮೊಸರಿನ ರುಚಿ ಅಂತ ನಿಮ್ಮ ಕಾರ್ಮಿಕರೇ ಹೇಳಿದ್ರು. ಪರೀಕ್ಷೆ ಮಾಡ್ಸಿದ್ರಿ, ಎರಡೂ ಒಂದೇ ತಳಿ ಅಂತ ಬಂತು. ಹೆಪ್ಪು ಕೊಟ್ಟಿದ್ದು ದೇವಕ್ಕ ಅಂತ ಶರಣಮ್ಮ ಒಪ್ಕೊಂಡ್ಳು. ದೇವಕ್ಕನ್ನ ಕೆಲಸದಿಂದ ನಿಲ್ಸಿದ್ರಿ. ಕಥೆ ಇಲ್ಲೀವರ್ಗೂ ಸತ್ಯವಾ?"

"ಸತ್ಯ. ನಾಳೆ ಬೆಳಗ್ಗೆ ಸ್ಟೇಷನ್ನಿಗೆ ಕಂಪ್ಲೇಂಟು. ಹೆಡ್ಡಾಫೀಸ್ ಆರ್ಡರು." ಮುನಿಕೃಷ್ಣ ಮೇಜಿನ ಮೇಲಿದ್ದ ಕಂಪ್ಯೂಟರನ್ನು ಅವನತ್ತ ತಿರುಗಿಸಿದ. "ನಂಗೇನ್ ಖುಷಿನಾ? ಆಯಮ್ಮ ತೊಳೆದ ಟ್ಯಾಂಕಲ್ಲಿ ಮುಖ ನೋಡ್ಕೊಂಡು ಶೇವ್ ಮಾಡ್ಕೋಬೋದು. ಆದ್ರೆ ಇದು ನೋಡಿ. ಹೋದ ತಿಂಗಳದ್ದು."

ಗೇಟಿನ ಕ್ಯಾಮೆರಾ. ಸಂಜೆ ಪಾಳಿ ಬಿಟ್ಟ ಜನ. ನಡುವೆ ದೇವಕ್ಕ, ಕೈಯಲ್ಲೊಂದು ಸ್ಟೀಲಿನ ಮುಚ್ಚಳದ ಬಟ್ಟಲು. ಯಮನೂರ ತಡೆಯುತ್ತಾನೆ, ಮುಚ್ಚಳ ತೆಗೆಸುತ್ತಾನೆ, ಇಣುಕುತ್ತಾನೆ, ಹೋಗು ಎನ್ನುತ್ತಾನೆ.

"ಅದ್ರೊಳಗೆ ಏನಿತ್ತು?"

"ಸಕ್ಕರೆ! ಕ್ಯಾಂಟೀನ್ ಸಕ್ಕರೆನೂ ಬಿಟ್ಟಿಲ್ಲ ಪುಣ್ಯಾತ್ಗಿತ್ತಿ. ಬಟ್ಲಿಗೆ ನಮ್ಮ ಕಲ್ಚರ್ ಸವರ್ಕೊಂಡು, ಮೇಲೆ ಸಕ್ಕರೆ ಮುಚ್ಚಿದಾಳೆ."

"ಯಮನೂರನ್ನ ಕರೀರಿ. ಬೇಡ ಬಿಡಿ, ನಾನೇ ಕರೀತೀನಿ." ಪಂಚಾಕ್ಷರಿ ಬಾಗಿಲಾಚೆ ಮುಖ ಹಾಕಿ, ಮುನಿಕೃಷ್ಣನ ದನಿಯಲ್ಲೇ ಕೂಗಿದ. ಯಮನೂರ ಓಡಿಬಂದು, ಯಾರಿಗೆ ಸಲ್ಯೂಟ್ ಹೊಡೆಯಬೇಕೆಂದು ತಿಳಿಯದೆ ಗೋಡೆಯ ಮೇಲಿನ ಕ್ಯಾಲೆಂಡರಿಗೆ ಹೊಡೆದ.

"ಬಟ್ಟಲಾಗ ಸಕ್ಕರಿ ಇತ್ತೇನಪ್ಪ?" ಪಂಚಾಕ್ಷರಿ ಈಗ ತನ್ನೂರಿನ ದನಿಗೆ ಇಳಿದ.

"ಪುಡಿ ಸಕ್ಕರಿ ಅಲ್ರಿ ಸಾಹೇಬ್ರ, ಕಲ್ಲುಸಕ್ಕರಿ. ಮ್ಯಾಲೊಂದು ಲವಂಗ ನೆಟ್ಟಗ ನಿಂದ್ರಿಸಿದ್ರು. ಪ್ರಸಾದ ಇದ್ದಂಗಿತ್ತು, ನಾ ಕೈ ಹಚ್ಚಲಿಲ್ಲ."

"ಬಟ್ಟಲಕ್ಕ ಮೊಸರು ಮೆತ್ತಿತ್ತೇನು?"

"ಇಲ್ರಿ. ತೊಳದು ಒರಸಿ ಫಳಫಳ ಇತ್ತು."

"ಅವತ್ತು ಬೆಳಿಗ್ಗೆ ಒಳಗ ಬರೂವಾಗ?"

"ಆವಾಗ ತುಂಬ ಮೊಸರಿತ್ರಿ. ಚಾಕು ಹಾಕಿ ಕೊಯ್ಯೂವಂಥಾದ್ದು."

ಮುನಿಕೃಷ್ಣ ನೆಟ್ಟಗಾದ. "ಇದನ್ನ ಯಾಕಯ್ಯಾ ಹೇಳ್ಲಿಲ್ಲ ನೀನು?"

"ನೀವು ಹೊರಗ ಏನ್ ಹೋತು ಅಂತಷ್ಟ ಕೇಳಿದ್ರಿ ಸಾರ್. ಒಳಗ ಏನ್ ಬಂತು ಅಂತ ಯಾರೂ ಕೇಳ್ಲಿಲ್ಲ."

ಯಮನೂರ ಹೋದ ಮೇಲೆ ಪಂಚಾಕ್ಷರಿ ಬಾಗಿಲು ಮುಚ್ಚಿದ.

"ನಿಮ್ಮ ಕ್ಯಾಂಟೀನಲ್ಲಿ ಕಲ್ಲುಸಕ್ಕರೆ ಇಡ್ತೀರಾ ಸಾರ್?"

"ಇಲ್ಲ."

"ಲವಂಗ?"

"ಪಲಾವ್ ದಿನಾನೂ ಹಾಕಲ್ಲ ಕಣ್ರೀ, ಕಂಟ್ರಾಕ್ಟರ್ ಜುಗ್ಗ." ಮುನಿಕೃಷ್ಣ ರೇಗಿದ. "ಏನ್ ಸಾರ್ ನೀವು, ಮೊಸರಲ್ಲಿ ಕಲ್ಲು ಹುಡುಕ್ತೀರಾ?"

"ಹುಡುಕಿದೆ, ಸಿಕ್ತಲ್ಲ. ಕಲ್ಲುಸಕ್ಕರೆ." ಪಂಚಾಕ್ಷರಿ ಮುಂದಕ್ಕೆ ಬಾಗಿದ. ಈಗ ಯಾರ ದನಿಯೂ ಅಲ್ಲ, ಅವನದೇ. "ನಿಮ್ಮ ತಾಯಿ ಪಕ್ಕದ ಮನೆ ಪಾತ್ರೆನ ಬರಿದೇ ವಾಪಸ್ ಕೊಡ್ತಿದ್ರಾ?"

ಮುನಿಕೃಷ್ಣ ಕಂಪ್ಯೂಟರಿನಿಂದ ಕಣ್ಣು ತೆಗೆದ. ಆನೇಕಲ್ಲಿನ ಹಂಚಿನ ಮನೆಯೊಂದರ ಹಿತ್ತಿಲ ಬಾಗಿಲು ಅವನ ಕಣ್ಣಲ್ಲಿ ತೆರೆದುಕೊಂಡಂತೆ ಕಂಡಿತು.

"ಒಂದು ಹಿಡಿ ಅಕ್ಕಿನಾದ್ರೂ ಹಾಕ್ತಿತ್ತು ನಮ್ಮವ್ವ" ಎಂದ ಮೆಲ್ಲಗೆ. "ಏನೂ ಇಲ್ದಿದ್ರೆ ಒಂದು ದಾಸವಾಳ."

"ಅಷ್ಟೇ ಸಾರ್. ಬೆಳಿಗ್ಗೆ ಹೆಪ್ಪು ಒಳಗೆ ಬಂತು. ನಿಮ್ಮ ಕಾರ್ಖಾನೇಲಿ ಯಾರೋ ಅದನ್ನ ಇಸ್ಕೊಂಡ್ರು. ಸಂಜೆ ಬಟ್ಟಲು ತೊಳೆದು, ಬರಿದೇ ಕೊಡಬಾರದು ಅಂತ ಕಲ್ಲುಸಕ್ಕರೆ ಹಾಕಿ ಕೊಟ್ರು. ಕದ್ದ ಬಟ್ಟಲಿಗೆ ಯಾರೂ ಮರ್ಯಾದೆ ಮಾಡಲ್ಲ."

"ಯಾರ್ರೀ ಅದು?"

"ಗೊತ್ತಿಲ್ಲ."

ಮುನಿಕೃಷ್ಣ ಮುಖ ಒರೆಸಿಕೊಂಡ. "ನಂಗರ್ಥ ಆಯ್ತು. ಹೆಡ್ಡಾಫೀಸಿಗೆ ಆಗಲ್ಲ. ನಿಮ್ಮ ಕಲ್ಲುಸಕ್ಕರೆ ಕೋರ್ಟಲ್ಲಿ ಕರಗೋಗುತ್ತೆ ಸಾರ್. ಆ ಮೊಸರು ನಮ್ಮ ಕಲ್ಚರಿಗಿಂತ ಮುಂಚೇನೇ ಆಯಮ್ಮನ ಹತ್ರ ಇತ್ತು ಅಂತ ಒಂದು ಪೇಪರ್ ತನ್ನಿ. ಅದ್ರ ಮೇಲೆ ಸ್ಪೂರ್ತಿ ಮೇಡಂ ಸಹಿ ಇರ್ಬೇಕು. ವಾರಕ್ಕೊಂದ್ಸಲ ನಮ್ಮ ಟ್ಯಾಂಕ್ ಚೆಕ್ ಮಾಡೋಕೆ ಬರೋದು ಅವ್ರೇ. ಅವ್ರು ಸಹಿ ಹಾಕಿದ್ರೆ ಹೆಡ್ಡಾಫೀಸು ಕಣ್ಮುಚ್ಕೊಂಡು ಒಪ್ಪುತ್ತೆ, ನಾನೇ ಕಂಪ್ಲೇಂಟ್ ಹರಿದಾಕ್ತೀನಿ."

*

ಶರಣಮ್ಮನ ಖಾನಾವಳಿಯ ಹಿಂದೆ ಸಾಲುಮನೆಗಳ ವಠಾರ. ಮೂರನೆಯ ಬಾಗಿಲು ದೇವಕ್ಕನದು. ಒಳಗೆ ಒಂದು ಒಲೆ, ಒಂದು ಚಾಪೆ, ಒಂದು ಗೂಡು. ಗೂಡಿನಲ್ಲಿ ಬೇರೆಬೇರೆ ಮನೆಗಳ ಬಟ್ಟಲುಗಳು ಬೋರಲಾಗಿದ್ದವು.

"ಇವು ಯಾರವು?" ಎಂದು ಕೇಳಿದ ಪಂಚಾಕ್ಷರಿ.

"ವಠಾರದವ್ರವು. ಹೆಪ್ಪಿಗೆ ಇಟ್ಟು ಹೋಗ್ತಿದ್ರು." ದೇವಕ್ಕ ಸೆರಗಿನಿಂದ ಚಾಪೆ ಒರೆಸಿದಳು. ಮುಂಗೈಯ ಮೇಲೆ ಹಸಿರು ಹಚ್ಚೆ, ಬಾಲ ಎತ್ತಿದ ಚೇಳು. "ಸುದ್ದಿ ಆದಾಗಿಂದ ಒಬ್ರೂ ಬಂದಿಲ್ರಿ. ಕಳ್ಳೀ ಮನಿ ಹೆಪ್ಪು ಯಾರಿಗ್ ಬೇಕು? ಬಟ್ಟಲಾ ಕೇಳಾಕೂ ಬರವಲ್ರು."

ಅವಳು ಅಳಲಿಲ್ಲ. ಬಟ್ಟಲುಗಳನ್ನು ಒಮ್ಮೆ ಸರಿಸಿ, ಮತ್ತೆ ಇದ್ದಲ್ಲಿಗೇ ಇಟ್ಟಳು.

"ಪೊಲೀಸ್ರ ತನಕ ಹೋತಂದ್ರ ಈ ಬೊಮ್ಮಸಂದ್ರದಾಗ ಯಾವ ಗೇಟೂ ನನಗ ತೆರಿಯೂದಿಲ್ಲ ಸಾಹೇಬ್ರ. ಗೇಟಿನವ್ರು ಎಲ್ಲಾರೂ ಒಬ್ರಿಗೊಬ್ರು ಗೊತ್ತು. ಕೆಲಸ ಹೋಗ್ಲಿ, ಇನ್ನೊಂದು ಹುಡುಕೇನು. ಹೆಸರು ಎಲ್ಲಿ ಹುಡುಕ್ಲಿ?"

ಬಾಗಿಲಲ್ಲಿ ನಿಂತಿದ್ದ ಶರಣಮ್ಮ ಗದರಿದಳು. "ಮಾತು ಆಮ್ಯಾಗ. ಮೊದ್ಲ ಅವ್ರಿಗೆ ಉಣ್ಣಾಕ ಹಾಕು." ಈ ಕೇಸಿಗೆ ಪಂಚಾಕ್ಷರಿಯನ್ನು ಹಿಡಿದು ತಂದವಳು ಅವಳೇ; ದಿನಾ ಮಧ್ಯಾಹ್ನದ ಜೋಳದ ರೊಟ್ಟಿಯೇ ಅವನ ಫೀಸು.

ರೊಟ್ಟಿಯ ಪಕ್ಕಕ್ಕೆ ಮೊಸರು ಬಿತ್ತು. ಒಂದು ಚಮಚ ಬಾಯಿಗಿಟ್ಟ ಪಂಚಾಕ್ಷರಿ ಕಣ್ಣು ಮುಚ್ಚಿದ.

"ಥೇಟ್ ನಮ್ಮನಿ ಮೊಸರು ನೋಡವ್ವ! ನಮ್ಮನಿ ಹೆಪ್ಪಂದ್ರ ಸಾಮಾನ್ಯ ಅಲ್ಲ. ಐವತ್ತು ವರ್ಷದ್ದು. ನಮ್ಮವ್ವ ಗದಗಿನಾಗ ಹಚ್ಚಿದ್ದು, ಒಂದು ದಿನ ತಪ್ಪಿಲ್ಲ. ನನ್ನ ಹೆಂಡ್ತಿ ಗೌರಮ್ಮ ಅದನ್ನ ಬಂಗಾರಕ್ಕಿಂತ ಜ್ವಾಕಿ ಮಾಡ್ತಾಳ."

"ಪುಣ್ಯವಂತ್ರು" ಎಂದಳು ದೇವಕ್ಕ. "ನಂದೂ ತವರಿನದ. ಮೊದ್ಲ ಸಿಂಗಸಂದ್ರದಾಗ ಕಟ್ಟಡದ ಕೆಲಸಕ್ಕಿದ್ದೆ, ತಗಡಿನ ಶೆಡ್ಡಿನ್ಯಾಗ. ಅಲ್ಲೀನೂ ಇದ ಹೆಪ್ಪು. ಆದ್ರ ಹೇಳಿದ್ರ ಯಾರ್ ನಂಬ್ತಾರ?"

"ಬಟ್ಟಲಾ ಇಸ್ಕೊಂಡವ್ರು ಹೇಳಿದ್ರ ನಂಬ್ತಾರ. ಕಾರ್ಖಾನ್ಯಾಗ ನಿನ್ನ ಕಡಿಂದ ಹೆಪ್ಪು ಇಸ್ಕೊಂಡವ್ರು ಯಾರವ್ವ?"

ದೇವಕ್ಕ ತಲೆಯಾಡಿಸಿದಳು. "ಹೆಪ್ಪು ಕೊಟ್ಟದ್ದು ಆಡಿಕೊಂಡ್ರ ಮೊಸರು ನೀರೊಡೀತೈತಿ ಅಂತಿದ್ಳು ನಮ್ಮವ್ವ. ಮ್ಯಾಲ ಆ ಹೆಣ್ಣುಮಗಳು ಕೈಮುಗದು ಕೇಳ್ಯಾಳ, ಯಾರಿಗೂ..." ತಟ್ಟನೆ ಸೆರಗು ಬಾಯಿಗೆ ಹೋಯಿತು.

ಹೆಣ್ಣುಮಗಳು. ಪಂಚಾಕ್ಷರಿ ಕೇಳಿಸಲೇ ಇಲ್ಲವೆಂಬಂತೆ ರೊಟ್ಟಿ ಮುರಿದ.

"ಶರಣಮ್ಮ, ನಿಮ್ಮ ಕಡೆ ಬಟ್ಟಲಾ ಹೊಳ್ಳಿ ಕೊಡೂವಾಗ ಏನ್ ಹಾಕ್ತೀರಿ?"

"ಬೆಲ್ಲ. ಇಲ್ಲಾಂದ್ರ ನಾಕು ಕಾಳು ಜ್ವಾಳ."

"ಲವಂಗ?"

"ಲವಂಗ ಯಾರ್ ಹಾಕ್ತಾರ್ರೀ? ಬಟ್ಟಲಕ್ಕೇನು ಹಲ್ಲು ನೋಯ್ತೈತೇನು?"

*

ಎಲೆಕ್ಟ್ರಾನಿಕ್ ಸಿಟಿಯ ಪರೀಕ್ಷಾಲಯದಲ್ಲಿ ಸ್ಪೂರ್ತಿ ಬಿಳಿ ಕೋಟು ತೊಟ್ಟು ಕಾಯುತ್ತಿದ್ದಳು. ಸಿಂಗಸಂದ್ರದ ಅಪಾರ್ಟ್‌ಮೆಂಟಿನಲ್ಲಿ ಪಂಚಾಕ್ಷರಿಯ ಮನೆಯ ಕೆಳಗಿನ ಮನೆ ಅವಳದು. ಮೂವತ್ತರ ಹುಡುಗಿ, ಗೌರಮ್ಮನಿಗೆ ಮಗಳ ಲೆಕ್ಕ, ಪಂಚಾಕ್ಷರಿಗೆ ರೇಗಿಸಲು ಸಿಕ್ಕ ವರ.

"ಅಂಕಲ್, ಮರೆಯೋಕೆ ಮುಂಚೆ ಇದು ತಗೊಳ್ಳಿ. ಆಂಟಿ ಗುರೆಳ್ಳು ಚಟ್ನಿಪುಡಿ ಕಳ್ಸಿದ್ರಲ್ಲ, ಆ ಡಬ್ಬಿ. ತೊಳೆದಿಟ್ಟಿದೀನಿ."

ಪಂಚಾಕ್ಷರಿ ಡಬ್ಬಿಯನ್ನು ಮೇಜಿನ ಅಂಚಿಗೆ ಸರಿಸಿದ. ಒಳಗೆ ಏನೋ ಕಲಕಲ ಎಂದಿತು. ಅವನ ಗಮನ ಅವಳ ಕೈಯಲ್ಲಿದ್ದ ಕಾಗದದ ಮೇಲಿತ್ತು.

ಸೋಮವಾರವೇ, ದೇವಕ್ಕನ ಮೊಸರನ್ನೂ ಶರಣಮ್ಮನ ಕೈಲಿ ತರಿಸಿಕೊಂಡು, ಅವನು ಆರು ಸೀಸೆಗಳಲ್ಲಿ ಮೊಸರು ಕೊಟ್ಟಿದ್ದ, ಮೇಲೆ ಬರೀ ಅಂಕಿ. ಯಾವುದು ಯಾರದೆಂದು ಅವಳಿಗೆ ಹೇಳಿರಲಿಲ್ಲ. ತಕ್ಕಡಿಗೆ ಗಿರಾಕಿಯ ಹೆಸರು ಗೊತ್ತಿರಬಾರದು ಎಂಬುದು ಅವನ ನಿಯಮ. ಆರನೆಯ ಸೀಸೆಯ ಗುಟ್ಟು ಮಾತ್ರ ಬೇರೆ. ಅಂದು ಅವಳು ಟೀ ತರಲು ಹೋದಾಗ, ಅವಳದೇ ಊಟದ ಡಬ್ಬಿಯಿಂದ ಎರಡು ಚಮಚ ಮೊಸರು ಕದ್ದು ತುಂಬಿದ್ದ. ಯಂತ್ರ ಸರಿಯಾಗಿ ಓದುತ್ತದೋ ಇಲ್ಲವೋ ನೋಡಲು ಎಂದು ತನಗೆ ತಾನೇ ಸಬೂಬು ಹೇಳಿಕೊಂಡಿದ್ದ. ನಿಜವಾದ ಕಾರಣ, ಅವಳ ಮುಖ ನೋಡಬೇಕಿತ್ತು.

"ನಿಧಾನಕ್ಕೆ ಹೇಳಮ್ಮ. ನಾನು ಕಾಮರ್ಸು."

"ಆಂಟಿ ಇಳಕಲ್ ಸೀರೆ ನೋಡಿದೀರಲ್ಲ? ಮೊಸರಿನ ಈ ಬ್ಯಾಕ್ಟೀರಿಯಾನೂ ಹಂಗೇ ಮೈತುಂಬ ಒಂದು ಸೀರೆ ಉಟ್ಕೊಂಡಿರುತ್ತೆ, ಪ್ರೋಟೀನಿಂದು. ಒಂದು ಕೊನೆ ಒಳಗೆ ಸಿಗಿಸಿರೋದು, ಸೊಂಟದ ಹತ್ರ. ಅದು ಎಲ್ಲಾ ತಳೀಲೂ ಹೆಚ್ಚುಕಮ್ಮಿ ಒಂದೇ ಥರ. ಬದಲಾದ್ರೆ ಸೀರೆ ನಿಲ್ಲಲ್ಲ."

"ಮರ್ಯಾದೆ ಪ್ರಶ್ನೆ."

"ಹೂಂ. ಆದ್ರೆ ಹೊರಗೆ ಕಾಣೋ ಸೆರಗು ಇದ್ಯಲ್ಲ, ಅದು ಒಂದೊಂದು ತಳಿಗೆ ಒಂದೊಂದು ಥರ. ಬ್ಯಾಕ್ಟೀರಿಯಾನ ಕೊಲ್ಲೋ ವೈರಸ್ ಆ ಸೆರಗನ್ನೇ ಹಿಡ್ಕೊಂಡು ಒಳಗೆ ನುಗ್ಗೋದು. ನೇಯ್ಗೆ ಒಂಚೂರು ಬೇರೆ ಆದ ತಳಿ ಕೈಜಾರಿ ಬದುಕ್ಕೊಳ್ಳುತ್ತೆ. ಹಂಗೆ ತಲೆತಲಾಂತರದಿಂದ ಸೆರಗು ಬದಲಾಗ್ತಾ ಬಂದಿದೆ. ಸೆರಗಿನ ಭಾಗದ ಜೀನ್ ಓದಿದ್ರೆ ಯಾವ ತಳಿ ಅಂತ ಗುಂಪು ಮಾಡ್ಬೋದು."

"ಸೆರಗು ನೋಡಿ ಮನೆತನ ಹೇಳೋದು! ನಮ್ಮತ್ತೆ ಮದುವೆ ಮನೆಗಳಲ್ಲಿ ಇದನ್ನೇ ಮಾಡ್ತಿದ್ರು."

"ಒಂದು ಮಾತು ನೆನಪಿರ್ಲಿ ಅಂಕಲ್. ಇಬ್ರು ಒಂದೇ ಸೆರಗು ಹೊದ್ದಿದ್ರೆ ಒಂದೇ ಮಗ್ಗದ್ದು ಅನ್ಬೋದು. ಯಾರು ಯಾರ ಸೀರೆ ಕದ್ರು ಅಂತ ಸೆರಗು ಹೇಳಲ್ಲ." ಸ್ಪೂರ್ತಿ ಕಾಗದ ಬಿಡಿಸಿದಳು. "ನಾಲ್ಕು, ಐದು ಬೇರೆ ಥರ."

ಅವು ದಾರಿಯ ಅಂಗಡಿಗಳಲ್ಲಿ ಕೊಂಡವು. ಪಂಚಾಕ್ಷರಿ ತಲೆಯಾಡಿಸಿದ.

"ಒಂದು, ಎರಡು, ಮೂರು, ಒಂದೇ ಸೆರಗು. ಒಂದಕ್ಷರನೂ ವ್ಯತ್ಯಾಸ ಇಲ್ಲ."

ಕಾರ್ಖಾನೆ, ಖಾನಾವಳಿ, ದೇವಕ್ಕ. ನಿರೀಕ್ಷಿಸಿದ್ದೇ.

"ಆರನೇದೂ ಅದೇ."

"ಏನು?"

"ಆರನೇದೂ ಅದೇ ಗುಂಪು. ಯಾರ್ದು ಅಂಕಲ್ ಅದು?"

ಪಂಚಾಕ್ಷರಿಯ ಮುಖ ಹೆಪ್ಪುಗಟ್ಟಿತು. ತಮಾಷೆಗೆಂದು ಎಸೆದ ಕಲ್ಲು ತಾನೇ ಕೂತಿದ್ದ ಕೊಂಬೆಗೆ ತಗುಲಿತ್ತು. ಆದರೂ ಹಾಳು ಅಭ್ಯಾಸ. ಬಾಯಿಂದ ಮುನಿಕೃಷ್ಣ ಹೊರಬಂದ. "ಮೇಡಂ, ಕಳ್ಳರು ಎಲ್ಲೆಲ್ಲಿ ಇರ್ತಾರೆ ಅಂತ ಯಾರ್ಗೊತ್ತು ಕಣ್ರೀ? ಆರನೇದು ನಿಮ್ಮ ಊಟದ ಡಬ್ಬಿದು, ಹ್ಹಂ!"

ಸ್ಪೂರ್ತಿ ಅವನನ್ನು ನೋಡಿದಳು. ಕಾಗದ ನೋಡಿದಳು. ಒಂದು ಉಸಿರಿನಷ್ಟು ಹೊತ್ತು ಮುಖದಲ್ಲಿ ಏನೂ ಇರಲಿಲ್ಲ.

ಆಮೇಲೆ ನಕ್ಕಳು. ಮೊದಲು ಮೂಗಿನಲ್ಲಿ, ಆಮೇಲೆ ಹೊಟ್ಟೆ ಹಿಡಿದುಕೊಂಡು. "ನನ್ನ ಡಬ್ಬೀಲಿ ಕೈ ಹಾಕಿದ್ರಾ! ಅಂಕಲ್, ಅಯ್ಯೋ, ಆ ಹೆಪ್ಪು ಯಾರ್ದು ಗೊತ್ತಾ? ನಿಮ್ಮನೇದು! ನಾನು ಈ ಅಪಾರ್ಟ್‌ಮೆಂಟಿಗೆ ಬಂದಾಗ ಆಂಟಿ ಕೊಟ್ಟಿದ್ದು!"

"ಸಾಧ್ಯವೇ ಇಲ್ಲ. ನಮ್ಮದು ಐವತ್ತು ವರ್ಷದ..."

"ಫೋನ್ ಮಾಡಿ, ಫೋನ್ ಮಾಡಿ! ಸ್ಪೀಕರ್ ಹಾಕಿ!"

ಗೌರಮ್ಮ ಫೋನೆತ್ತಿದವಳೇ ಶುರು ಮಾಡಿದಳು. "ಎಲ್ಲಿದ್ದೀರಿ? ಚಪಾತಿ ಲಟ್ಟಿಸ್ಲೋ ಬ್ಯಾಡೋ?"

"ಗೌರಾ, ನಮ್ಮನಿ ಹೆಪ್ಪು ಎಲ್ಲೀದು?"

ಆ ಕಡೆ ಲಟ್ಟಣಿಗೆ ನಿಂತಿತು.

"ಯಾಕ?"

"ಅವ್ವನ ಹೆಪ್ಪು ಹೌದಲ್ಲೋ?"

"ನಿಮ್ಮ ಮುಂದ ಯಾರರ ಅದಾರೇನು?"

"ಸ್ಪೂರ್ತಿ ಅದಾಳ. ಬಾಗಿಲಾಗ ಲ್ಯಾಬಿನ ಸಿದ್ದರಾಜು ಅದಾನ."

"ಹಂಗಾರ ಹೇಳ್ತೀನಿ, ಸಾಕ್ಷಿ ಇರ್ಲಿ. ನಿಮ್ಮವ್ವನ ಹೆಪ್ಪು ಲಾಕ್‌ಡೌನಿನಾಗ ಸತ್ತ ಹೋತು. ಕೊಂದವ್ರು ನೀವ. ಕುಂತು ಬ್ಯಾಸರ ಆಗೇದ, ನಾನೂ ಮನೀ ಕೆಲಸ ಮಾಡ್ತೀನಿ ಅಂತ ಬಂದು, ಕುದಿಯೂ ಹಾಲಿಗೆ ಇದ್ದಷ್ಟೂ ಹೆಪ್ಪು ಸುರುವಿ ಟಿವಿ ನೋಡಾಕ ಹೋದ್ರಿ. ಮರುದಿನ ನೋಡಿದ್ರ ಮೊಸರೂ ಇಲ್ಲ, ಹೆಪ್ಪೂ ಇಲ್ಲ."

ಸಿದ್ದರಾಜು ಗೋಡೆಯ ಕಡೆ ತಿರುಗಿಕೊಂಡ. ಅವನ ಭುಜ ಕುಲುಕುತ್ತಿತ್ತು.

"ಮತ್ತ ಈಗ ನಾ ತಿನ್ನೂದು?"

"ಹಿಂದ ಕಟ್ಟಡದ ಕೆಲಸದವ್ರ ಶೆಡ್ಡಿದ್ವಲ್ಲ, ಕಾಂಪೌಂಡ್ ಗ್ವಾಡಿ ಆಚೆ? ಅಲ್ಲಿ ಒಬ್ಬಾಕಿನ್ನ ಕೇಳಿದೆ. ನಮ್ಮ ಕಡೇದ ಮಾತು, ನನ್ನ ಜೀವ ತಣ್ಣಗಾತು. ಗ್ವಾಡಿ ಮ್ಯಾಲಿಂದ ಬಟ್ಟಲಾ ಕೊಟ್ಳು. ಹೊಳ್ಳಿ ಕೊಡೂವಾಗ ಸಕ್ಕರಿ ಹಾಕಿ ಕೊಟ್ಟೆ."

"ಆಕಿ ಹೆಸರು?"

"ಮಾಸ್ಕ್ ಹಾಕ್ಕೊಂಡಿದ್ಳು, ಮಾರಿ ಸುದ್ದಾ ನೋಡಿಲ್ಲ. ಕೈ ನೋಡೀನಿ. ಮುಂಗೈ ಮ್ಯಾಲ ಚೇಳಿನ ಹಚ್ಚಿ. ಬಾಲ ಹಿಂಗ ಎತ್ತಿದ್ದು."

ಮಧ್ಯಾಹ್ನ ಆ ಚೇಳೇ ಪಂಚಾಕ್ಷರಿಯ ತಟ್ಟೆಗೆ ಮೊಸರು ಬಡಿಸಿತ್ತು. ಅವನು ಅದರ ಎದುರಿಗೇ ಕೂತು, ಐವತ್ತು ವರ್ಷದ ಹೆಪ್ಪೆಂದು ಕೊಚ್ಚಿಕೊಂಡಿದ್ದ.

"ಅದು ದೇವಕ್ಕನ ಕೈ! ಇಷ್ಟು ವರ್ಷ ಯಾಕ ಹೇಳ್ಲಿಲ್ಲ ಗೌರಾ?"

ಆ ಕಡೆಯ ದನಿ ಸ್ವಲ್ಪ ಇಳಿಯಿತು. "ದಿನಾ ಬಟ್ಟಲಾ ತುಂಬ ತಿಂದು, ನಮ್ಮವ್ವನ ಕೈರುಚಿ ಅಂತ ಕಣ್ಣ ಮುಚ್ಚತಿದ್ರಿ. ಹೆಂಗ ಹೇಳ್ಲಿ ಹೇಳ್ರಿ?"

ಪಂಚಾಕ್ಷರಿಯೇ ಮೊದಲು ನಗಲು ಶುರು ಮಾಡಿದ. ಫೋನಿನೊಳಗೆ ಗೌರಮ್ಮ ನಕ್ಕಳು, ಬಾಗಿಲಲ್ಲಿ ಸಿದ್ದರಾಜು ನಕ್ಕ, ಸ್ಪೂರ್ತಿ ಕಣ್ಣೊರೆಸಿಕೊಳ್ಳುತ್ತಾ ಮೇಜಿನ ಮೇಲೆ ತಲೆಯಿಟ್ಟಳು.

"ಅಂಕಲ್, ಅಂದ್ರೆ ಲಾಕ್‌ಡೌನಲ್ಲೇ ಇದು ಆಯಮ್ಮನ ಹತ್ರ ಇತ್ತು!" ಎಂದಳು ತಲೆಯೆತ್ತಿ. "ಕಂಪನಿ ತಳಿಗೆ ಎರಡೇ ವರ್ಷ. ಇನ್ನೂ ಹುಟ್ಟದೇ ಇರೋದನ್ನ ಹೆಂಗ್ ಕದೀತಾರೆ? ಆರೂ ಸೀಸೆ ವಿವರ ಹಾಕಿ, ಆಂಟಿ ಹೇಳಿಕೆ ಜೊತೆಗೆ ಸೇರ್ಸಿ, ಈಗ್ಲೇ ಸಹಿ ಹಾಕ್ಕೊಡ್ತೀನಿ. ಮುನಿಕೃಷ್ಣ ಸಾರ್‌ಗೆ ಇವತ್ತೇ ಕೊಟ್ಬಿಡಿ."

ಟೈಪು ಮಾಡಿದಳು, ಪ್ರಿಂಟು ತೆಗೆದಳು, ಪೆನ್ನು ಎತ್ತಿ ಸಹಿ ಹಾಕಿದಳು. ನಾಳೆ ಬೆಳಿಗ್ಗೆ ದೇವಕ್ಕನ ಗೂಡಿನ ಬಟ್ಟಲುಗಳು ಒಂದೊಂದಾಗಿ ಅಂಗಾತವಾಗುವುದು ಪಂಚಾಕ್ಷರಿಯ ಕಣ್ಣಿಗೆ ಕಟ್ಟಿತು. ಕಾಗದವನ್ನು ಎಡಗೈಗೆ ತೆಗೆದುಕೊಂಡ. ಹೊರಡಲೆಂದು ಬಲಗೈಯಲ್ಲಿ ಗೌರಮ್ಮನ ಡಬ್ಬಿ ಎತ್ತಿದ.

ಕಲಕಲ.

ಈ ಸಲ ಕಿವಿಗೆ ಬಿತ್ತು. ತೊಳೆದಿಟ್ಟ ಡಬ್ಬಿ. ಬರಿದೇ ಕೊಡಬಾರದೆಂದು ಕಲಿತ ಹುಡುಗಿ. ಹೆಬ್ಬೆರಳಿನಿಂದ ಮುಚ್ಚಳವನ್ನು ಸ್ವಲ್ಪವೇ ಎತ್ತಿ ನೋಡಿದ.

ಕಲ್ಲುಸಕ್ಕರೆ. ಅದರ ನಡುವೆ, ಮೊಗ್ಗು ಮೇಲಾಗಿ ನೆಟ್ಟಗೆ ನಿಲ್ಲಿಸಿದ ಒಂದು ಲವಂಗ.

ಮುಚ್ಚಳ ಮುಚ್ಚಿದ. ವಾರಕ್ಕೊಮ್ಮೆ ಕಾರ್ಖಾನೆಗೆ ಹೋಗುವ ಮೇಡಂ. ಕೈಮುಗಿದು ಕೇಳಿಕೊಂಡ ಹೆಣ್ಣುಮಗಳು. ಮನೆಯಲ್ಲಿ ಗೌರಮ್ಮನ ಹೆಪ್ಪು ಇರುವವಳಿಗೆ ದೇವಕ್ಕನ ಬಟ್ಟಲು ಯಾಕೆ ಬೇಕಾಯಿತು? ಕಾರ್ಖಾನೆಯ ಟ್ಯಾಂಕಿಗಾಗಿಯೇ? ಕೇಳಿದರೆ ಈಗಲೇ ಕೇಳಬೇಕು. ಕೇಳಿದರೆ, ಗುಟ್ಟಾಗಿ ಹೆಪ್ಪು ಇಸಿದುಕೊಂಡವಳದೆಂದು ಎಡಗೈಯಲ್ಲಿರುವ ಸಹಿಗೆ ಬೆಲೆಯಿಲ್ಲ. ಸಹಿಗೆ ಬೆಲೆಯಿಲ್ಲದಿದ್ದರೆ ನಾಳೆ ಬೆಳಿಗ್ಗೆ ದೇವಕ್ಕ ಸ್ಟೇಷನ್ನಿನ ಬೆಂಚಿನ ಮೇಲೆ.

ಪಂಚಾಕ್ಷರಿ ಬಾಯಿ ತೆರೆದ. ಯಾರ ದನಿಯೂ ಬರಲಿಲ್ಲ.

"ಪತ್ತೇದಾರ್ರ ಮನೀ ಫ್ರಿಜ್ಜಿನಾಗ ಕಳುವಿನ ಮಾಲು!" ಎಂದಳು ಫೋನಿನೊಳಗಿಂದ ಗೌರಮ್ಮ. ಸಿದ್ದರಾಜು ಮತ್ತೆ ಗೋಡೆ ಹಿಡಿದುಕೊಂಡ. ಮತ್ತೊಮ್ಮೆ ಎಲ್ಲರೂ ನಕ್ಕರು, ಎಲ್ಲರಿಗಿಂತ ಜೋರಾಗಿ ಸ್ಪೂರ್ತಿ.